ಯಾವ ಸದ್ದು ಬೇಡ, ಯಾವ ಸದ್ದು ಬೇಕು

ಚಳಿಗಾಲದಲ್ಲೂ ಫ್ಯಾನ್ ಹಾಕಿಕೊಂಡೇ ಮಲಗುವವರು ನಮ್ಮಲ್ಲಿ ತುಂಬಾ ಜನ ಇದ್ದಾರೆ. ಡಿಸೆಂಬರ್ ತಿಂಗಳ ಬೆಂಗಳೂರು, ಮೈಮೇಲೆ ಎರಡು ರಗ್ಗು, ಕಿವಿಗೆ ಮಫ್ಲರ್. ಆದರೂ ಮೇಲೆ ಫ್ಯಾನ್ ಎರಡನೇ ನಂಬರಿನಲ್ಲಿ ತಿರುಗುತ್ತಲೇ ಇರುತ್ತದೆ. ಯಾಕೆ ಅಂತ ಕೇಳಿದರೆ ಸೊಳ್ಳೆ ಅನ್ನುತ್ತಾರೆ, ಇಲ್ಲವೇ ಅಭ್ಯಾಸ ಅನ್ನುತ್ತಾರೆ. ಅದು ಅರ್ಧ ನಿಜ. ಆ ಫ್ಯಾನಿನ ಸದ್ದು ಕೇಳದಿದ್ದರೆ ಅವರಿಗೆ ನಿದ್ದೆ ಹತ್ತುವುದಿಲ್ಲ.

ನಮ್ಮ ಮನೆಯಲ್ಲಿ ಇದು ಗೊತ್ತಾಗಿದ್ದು ಹಳೇ ಫ್ಯಾನ್ ತೆಗೆದು, ಕಡಿಮೆ ಕರೆಂಟಿನಲ್ಲಿ ಸದ್ದಿಲ್ಲದೆ ತಿರುಗುವ ಬಿಎಲ್‌ಡಿಸಿ ಫ್ಯಾನ್ ಹಾಕಿಸಿದಾಗ. ಹಳೆಯದು 75 ವ್ಯಾಟ್ ಕರೆಂಟ್ ಎಳೆಯುತ್ತಿತ್ತು, ಹೊಸದಕ್ಕೆ 30ರ ಆಸುಪಾಸು ಸಾಕು. ಬಿಲ್ ಇಳಿಯಿತು, ಗಾಳಿಯೂ ಚೆನ್ನಾಗಿದೆ. ಆದರೆ ಹಳೇ ಮೋಟರಿನ ಗುಂಯ್ ಅನ್ನುವ ಸದ್ದು ಹೊರಗೆ ಹೋಯಿತು, ಇಡೀ ಬೀದಿ ಒಳಗೆ ಬಂತು. ರಾತ್ರಿ ಒಂದು ಗಂಟೆಗೆ ಸೈಲೆನ್ಸರ್ ಬದಲಿಸಿದ ಬೈಕು. ಎರಡಕ್ಕೆ ನಾಯಿಗಳ ಜಗಳ. ಗೂರ್ಖಾನ ಸೀಟಿ. ಅಪಾರ್ಟ್‌ಮೆಂಟಿಗೆ ನೀರು ತರುವ ಟ್ಯಾಂಕರ್ ರಿವರ್ಸ್ ತೆಗೆಯುವಾಗಿನ ಕೀಂ ಕೀಂ. ನಾಲ್ಕೂವರೆಗೆ ಹಾಲಿನ ಬೂತಿನ ಮುಂದೆ ಕ್ರೇಟುಗಳನ್ನು ದಬದಬ ಇಳಿಸುವುದು. ಇವೆಲ್ಲ ಮೊದಲೂ ಇದ್ದವು. ನಮಗೆ ಕೇಳುತ್ತಿರಲಿಲ್ಲ ಅಷ್ಟೇ.

ಆಮೇಲೆ ನಾನು ವೈಟ್ ನಾಯ್ಸ್ ಮಷಿನ್ ಹುಡುಕಲು ಕೂತೆ. ಹೊರಗಿನ ಸದ್ದನ್ನು ಮುಚ್ಚಲು ತಾನೇ ಒಂದೇ ಸಮನೆ ಸದ್ದು ಮಾಡುವ ಡಬ್ಬಿ ಅದು. ಅಂಗಡಿಗಳ ಪಟ್ಟಿ ನೋಡಿದರೆ ತಲೆ ತಿರುಗುತ್ತದೆ. ಒಂದರಲ್ಲಿ 20 ಸದ್ದು, ಇನ್ನೊಂದರಲ್ಲಿ 40. ಸಮುದ್ರ, ತೊರೆ, ರೈಲು, ಕಾಡಿನ ಹಕ್ಕಿ, ಲಾಲಿಹಾಡು. ಬಣ್ಣದ ಲೈಟು, ಬ್ಲೂಟೂತ್, ಆ್ಯಪ್. ಇಷ್ಟೆಲ್ಲ ಇದ್ದರೂ ಕೊಳ್ಳುವವರು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಗೆ ಅಲ್ಲಿ ಉತ್ತರ ಸಿಗುವುದಿಲ್ಲ. ನಿಮ್ಮನ್ನು ಎಬ್ಬಿಸುತ್ತಿರುವ ಸದ್ದು ಯಾವುದು?

ಆ ಪ್ರಶ್ನೆ ಯಾಕೆ ಮುಖ್ಯ ಅಂತ ತಿಳಿಯಲು ಈ ಮಷಿನ್ ಮಾಡುವ ಕೆಲಸ ಏನು ಅಂತ ನೋಡಬೇಕು. ನಾವು ನಿದ್ದೆ ಮಾಡುವಾಗ ಕಿವಿ ಮುಚ್ಚಿಕೊಳ್ಳುವುದಿಲ್ಲ. ಸದ್ದು ಒಳಗೆ ಹೋಗುತ್ತಲೇ ಇರುತ್ತದೆ, ಮಿದುಳು ಅದರಲ್ಲಿ ಎಷ್ಟನ್ನು ಬಿಟ್ಟುಕೊಳ್ಳಬೇಕು ಅಂತ ತೀರ್ಮಾನಿಸುತ್ತಿರುತ್ತದೆ. ಎಚ್ಚರ ಆಗುವುದಕ್ಕೆ ಸದ್ದಿನ ಜೋರು ಒಂದೇ ಕಾರಣ ಅಲ್ಲ. ಅದಕ್ಕಿಂತ ಮುಂಚೆ ಕೋಣೆ ಎಷ್ಟು ನಿಶ್ಶಬ್ದವಾಗಿತ್ತು, ಅಲ್ಲಿಂದ ಸದ್ದು ಎಷ್ಟು ಮೇಲೆ ಜಿಗಿಯಿತು ಅನ್ನುವುದು ತುಂಬಾ ಮುಖ್ಯ. ಆಸ್ಪತ್ರೆಯ ಐಸಿಯು ಸದ್ದನ್ನು ರೆಕಾರ್ಡ್ ಮಾಡಿ, ಮಲಗಿದವರಿಗೆ ಕೇಳಿಸಿ, 2005ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದನ್ನೇ ಕಂಡಿತು. ಐಸಿಯು ಸದ್ದಿನ ಜೊತೆ ವೈಟ್ ನಾಯ್ಸ್ ಸೇರಿಸಿದಾಗ ಒಟ್ಟು ಸದ್ದು ಜಾಸ್ತಿಯೇ ಆಗಿತ್ತು, ಆದರೆ ಎಚ್ಚರ ಆಗುವುದು ಕಡಿಮೆಯಾಯಿತು. ಕೆಲವೇ ಜನರ ಮೇಲೆ ಮಾಡಿದ ಚಿಕ್ಕ ಪ್ರಯೋಗ ಅದು. ಆದರೂ ನಮ್ಮ ಫ್ಯಾನಿನ ಕಥೆಗೆ ಚೆನ್ನಾಗಿ ಹೊಂದುತ್ತದೆ.

ಲೆಕ್ಕದಲ್ಲಿ ಹೇಳುವುದಾದರೆ, ರಾತ್ರಿ ನಿಮ್ಮ ಕೋಣೆಯಲ್ಲಿ 30 ಡೆಸಿಬಲ್ (ಸದ್ದಿನ ಜೋರಿನ ಅಳತೆ) ಇದೆ ಅಂದುಕೊಳ್ಳಿ. ನಾಯಿ ಬೊಗಳಿದಾಗ 55 ಆಯಿತು. ಒಂದೇ ಸಲಕ್ಕೆ 25 ಡೆಸಿಬಲ್ ಏರಿತು. ಕೋಣೆಯಲ್ಲಿ ಮೊದಲೇ 45ರಷ್ಟು ಒಂದೇ ಸಮನಾದ ಸದ್ದು ಇದ್ದಿದ್ದರೆ ಏರಿಕೆ ಹತ್ತೇ ಡೆಸಿಬಲ್. ನಾಯಿ ಅಷ್ಟೇ ಜೋರಾಗಿ ಬೊಗಳಿದೆ. ನಿಮ್ಮ ಪಾಲಿಗೆ ಅದು ಚಿಕ್ಕದಾಗಿದೆ.

ಎಲ್ಲರಿಗೂ ಇದು ಒಂದೇ ತರ ಇರುವುದಿಲ್ಲ ಅನ್ನುವುದೂ ಗೊತ್ತಿರಬೇಕು. ಸಿಡಿಲು ಬಡಿದರೂ ಏಳದ ಗಂಡ, ಚಮಚ ಬಿದ್ದರೆ ಎದ್ದು ಕೂರುವ ಹೆಂಡತಿ, ಇಂಥ ಜೋಡಿ ಎಷ್ಟು ಮನೆಗಳಲ್ಲಿ ಇಲ್ಲ! ನಿದ್ದೆಯಲ್ಲಿ ಮಿದುಳು ಚಿಕ್ಕ ಚಿಕ್ಕ ಅಲೆಗಳ ಗೊಂಚಲುಗಳನ್ನು ಹೊರಡಿಸುತ್ತದೆ, ಸ್ಲೀಪ್ ಸ್ಪಿಂಡಲ್ ಅನ್ನುತ್ತಾರೆ. ಅವು ಜಾಸ್ತಿ ಇರುವವರು ಗದ್ದಲದಲ್ಲೂ ನಿದ್ದೆ ಉಳಿಸಿಕೊಳ್ಳುತ್ತಾರೆ ಅಂತ ಅಮೆರಿಕದ ಸಂಶೋಧಕರು 2010ರಲ್ಲಿ ತೋರಿಸಿದರು. ಹಾಗಾಗಿ ‘ನಂಗೇನೂ ಕೇಳಲೇ ಇಲ್ವಲ್ಲ, ನಿಂಗ್ಯಾಕೆ ಅಷ್ಟು ನಾಜೂಕು?’ ಅಂತ ಬೆಳಗ್ಗೆ ಕೇಳುವವರಿಗೆ ಇದನ್ನು ಹೇಳಿ. ನಾಜೂಕಿನ ಮಾತಲ್ಲ, ಒಬ್ಬೊಬ್ಬರ ಮಿದುಳಿನ ರೀತಿ ಬೇರೆ.

ಈಗ ಬಣ್ಣಗಳ ವಿಷಯ. ಮಷಿನ್ ಡಬ್ಬಿಯ ಮೇಲೆ ವೈಟ್, ಪಿಂಕ್, ಬ್ರೌನ್ ಅಂತ ಬರೆದಿರುತ್ತಾರೆ. ವೈಟ್ ಅಂದರೆ ಕೀಚಲು ಸದ್ದಿನಿಂದ ದಪ್ಪ ಸದ್ದಿನವರೆಗೆ ಪ್ರತಿ ಹರ್ಟ್ಜ್‌ಗೂ (ಸದ್ದು ಎಷ್ಟು ಕೀಚಲು ಅನ್ನುವುದರ ಅಳತೆ) ಒಂದೇ ಶಕ್ತಿ. ಲೆಕ್ಕದಲ್ಲಿ ಸಮ ಆದರೂ ನಮ್ಮ ಕಿವಿಗೆ ಅದು ಕೀಚಲಾಗಿಯೇ ಕೇಳುತ್ತದೆ, ಯಾಕೆಂದರೆ ಸಪ್ತಕದಿಂದ ಸಪ್ತಕಕ್ಕೆ ಮೇಲೆ ಹೋದ ಹಾಗೆ ಹರ್ಟ್ಜ್‌ಗಳ ಸಂಖ್ಯೆ ದುಪ್ಪಟ್ಟಾಗುತ್ತಾ ಹೋಗುತ್ತದೆ. ಹಳೇ ಟಿ.ವಿ.ಯಲ್ಲಿ ಚಾನೆಲ್ ಸಿಗದಿದ್ದಾಗ ಬರುತ್ತಿದ್ದ ಶ್ ಸದ್ದು ಹತ್ತಿರ ಹತ್ತಿರ ಅದೇ. ಪಿಂಕ್‌ನಲ್ಲಿ ಒಂದೊಂದು ಸಪ್ತಕ ಮೇಲೆ ಹೋದಾಗ ಶಕ್ತಿ 3 ಡೆಸಿಬಲ್ ಇಳಿಯುತ್ತದೆ. ಬಿಡದೆ ಸುರಿಯುವ ಮಳೆಯನ್ನು ನೆನಪಿಸುತ್ತದೆ. ಬ್ರೌನ್‌ನಲ್ಲಿ 6 ಡೆಸಿಬಲ್ ಇಳಿಯುತ್ತದೆ. ಅದು ದಪ್ಪ, ದೂರದ ಜಲಪಾತದಂತೆ.

ಕಿವಿಗೆ ಹಿತ ಅನ್ನಿಸಿದ್ದನ್ನು ಆರಿಸಿಕೊಳ್ಳಿ ಅಂತ ಎಲ್ಲರೂ ಹೇಳುತ್ತಾರೆ. ನಾನು ಹಾಗೆ ಹೇಳುವುದಿಲ್ಲ. ಹಿತ ಆಮೇಲೆ. ಒಂದು ಸದ್ದನ್ನು ಮುಚ್ಚಬೇಕಾದರೆ ಮೇಲೆ ಹಾಕುವ ಸದ್ದಿನ ಶಕ್ತಿಯೂ ಅದೇ ಎತ್ತರದಲ್ಲಿ, ಅಂದರೆ ಅಷ್ಟೇ ಕೀಚಲು ಇಲ್ಲವೇ ಅಷ್ಟೇ ದಪ್ಪ ಇರುವ ಜಾಗದಲ್ಲಿ ಇರಬೇಕು. ಸೀಟಿ ಇರುವುದು ಮೇಲೆ, 2000 ಹರ್ಟ್ಜ್‌ಗಿಂತ ಮೇಲೆ. ನಾಯಿ ಬೊಗಳುವುದು, ಜನ ಮಾತಾಡುವುದು ನಡುವೆ. ಲಾರಿ, ಜನರೇಟರ್, ಕಲ್ಯಾಣ ಮಂಟಪದ ಡಿಜೆಯ ದುಂ ದುಂ ಕೆಳಗೆ. ಸೀಟಿ ನಿಮ್ಮ ತೊಂದರೆ ಆಗಿದ್ದರೆ ಬ್ರೌನ್ ನಾಯ್ಸ್ ಎಷ್ಟು ಹಿತವಾಗಿದ್ದರೂ ಉಪಯೋಗ ಕಡಿಮೆ, ಸೀಟಿ ಅದರ ಮೇಲಿನಿಂದ ಹಾಯಾಗಿ ಬರುತ್ತದೆ. ಅದಕ್ಕೆ ವೈಟ್ ಬೇಕು. ನಾಯಿ, ಮಾತು, ಪಾತ್ರೆ ಸದ್ದಿಗೆ ಪಿಂಕ್ ಚೆನ್ನಾಗಿ ಕೆಲಸ ಮಾಡುತ್ತದೆ. ನನ್ನ ಕೋಣೆಯಲ್ಲಿ ಈಗ ರಾತ್ರಿ ಇಡೀ ಓಡುವುದು ಪಿಂಕ್.

ದುಂ ದುಂ ವಿಷಯದಲ್ಲಿ ಮಾತ್ರ ಯಾವ ಮಷಿನನ್ನೂ ನಂಬಬೇಡಿ. ಅಂಗೈಯಗಲದ ಸ್ಪೀಕರಿಗೆ ಅಷ್ಟು ಕೆಳಗಿನ ಸದ್ದು ಹೊರಡಿಸುವ ಶಕ್ತಿಯೇ ಇರುವುದಿಲ್ಲ. ಆ ಸದ್ದು ಗೋಡೆಯನ್ನೇ ನಡುಗಿಸಿಕೊಂಡು ಬರುತ್ತದೆ. ಹತ್ತಿ ಕಿವಿಗಿಟ್ಟರೂ ಹೋಗುವುದಿಲ್ಲ. ಡಿಜೆಗೆ ಮದ್ದು ಬೇರೆ ಇದೆ, ಕೊನೆಗೆ ಹೇಳುತ್ತೇನೆ.

ಮಷಿನ್‌ಗಳಲ್ಲಿ ಎರಡು ಜಾತಿ. ಮೊದಲನೆಯದರ ಒಳಗೆ ನಿಜವಾದ ಫ್ಯಾನೇ ಇರುತ್ತದೆ. ಅದರ ಹುಟ್ಟು ಅಮೆರಿಕದಲ್ಲಿ, 1962ರಲ್ಲಿ. ಜೇಮ್ಸ್ ಬಕ್‌ವಾಲ್ಟರ್ ಅನ್ನುವವರು ಮತ್ತು ಅವರ ಹೆಂಡತಿ ಟ್ರೂಡಿ ಮೋಟೆಲಿನಲ್ಲಿ ಉಳಿದಾಗ ಏಸಿ ಸದ್ದಿಗೆ ಒಳ್ಳೇ ನಿದ್ದೆ ಬರುತ್ತದೆ ಅಂತ ಕಂಡುಕೊಂಡರಂತೆ. ಮನೆಗೆ ಬಂದು ಅವರು ಗಾಳಿ ಬೀಸದೆ ಸದ್ದು ಮಾತ್ರ ಮಾಡುವ ಒಂದು ಡಬ್ಬಿ ತಯಾರಿಸಿದರು. ಮುಂದೆ ಅದೇ ಮಾರ್‌ಪ್ಯಾಕ್ ಕಂಪನಿ ಆಯಿತು, ಅವರ ಡೋಮ್ ಮಷಿನ್ ಇವತ್ತಿಗೂ ಮಾರಾಟದಲ್ಲಿದೆ. ಎರಡು ಸ್ಪೀಡು, ಮೇಲಿನ ಮುಚ್ಚಳ ತಿರುಗಿಸಿದರೆ ಸದ್ದಿನ ದಪ್ಪ ಬದಲಾಗುತ್ತದೆ, ಅಷ್ಟೇ. ಚಳಿಗಾಲದಲ್ಲಿ ಗಾಳಿ ಬೇಡ, ಸದ್ದು ಬೇಕು ಅನ್ನುವ ನಮ್ಮಂಥವರಿಗೆ ಹೇಳಿ ಮಾಡಿಸಿದ ಯೋಚನೆ ಅಲ್ವಾ?

ಅಮೆರಿಕದಿಂದ ಬರುವ ನೆಂಟರ ಹತ್ತಿರ ಇಂಥದ್ದನ್ನು ತರಿಸುವವರು ಒಂದು ವಿಷಯ ಗಮನಿಸಬೇಕು. ಅಲ್ಲಿನ ಮನೆಗಳ ಕರೆಂಟು 120 ವೋಲ್ಟು, ನಮ್ಮದು 230. ಒಳಗೆ ಫ್ಯಾನ್ ಮೋಟರ್ ಇರುವ ಮಷಿನನ್ನು ನೇರವಾಗಿ ಗೋಡೆಗೆ ಚುಚ್ಚುವಂತಿದ್ದರೆ ಅದರ ತಳದಲ್ಲಿ ಎಷ್ಟು ವೋಲ್ಟ್ ಅಂತ ಬರೆದಿದೆ ನೋಡಿ. 120 ಅಂತ ಮಾತ್ರ ಇದ್ದರೆ ಇಲ್ಲಿ ಚುಚ್ಚಬೇಡಿ, ಮೋಟರ್ ಸುಟ್ಟುಹೋಗುತ್ತದೆ. ಇಲ್ಲಿಯ ವೋಲ್ಟೇಜಿನ ಮಾಡೆಲ್ಲೇ ಬೇಕು. ಯುಎಸ್‌ಬಿ ಅಡಾಪ್ಟರಿನಿಂದ ನಡೆಯುವವಕ್ಕೆ ಈ ತೊಂದರೆ ಇಲ್ಲ, ಫೋನ್ ಚಾರ್ಜರ್ ಸಾಕು.

ಎರಡನೇ ಜಾತಿ ಎಲೆಕ್ಟ್ರಾನಿಕ್. ಇದರಲ್ಲೂ ಎರಡು ಬಗೆ. ಕೆಲವು ಸದ್ದನ್ನು ಒಳಗೇ ಹೊಸದಾಗಿ ತಯಾರಿಸುತ್ತಾ ಹೋಗುತ್ತವೆ. ಲೆಕ್ಟ್ರೋಫ್ಯಾನ್ ಅಂಥದ್ದು, ಅದರಲ್ಲಿ 10 ಬಗೆಯ ಫ್ಯಾನ್ ಸದ್ದು, 10 ಬಗೆಯ ನಾಯ್ಸ್ ಇವೆ. ಅಗ್ಗದ ಬಹಳಷ್ಟು ಮಷಿನ್‌ಗಳು ರೆಕಾರ್ಡ್ ಮಾಡಿದ ತುಣುಕನ್ನು ತಿರುಗಿ ತಿರುಗಿ ಹಾಕುತ್ತವೆ. ಹಗಲು ಕೇಳಿದರೆ ವ್ಯತ್ಯಾಸ ತಿಳಿಯುವುದಿಲ್ಲ. ರಾತ್ರಿ ಎಚ್ಚರವಾಗಿ ಬಿದ್ದುಕೊಂಡಿರುವಾಗ ಮಾತ್ರ ಅದೇ ಅಲೆ, ಅದೇ ಹಕ್ಕಿ, ತುಣುಕು ಸೇರುವ ಜಾಗದಲ್ಲಿ ಅದೇ ಸಣ್ಣ ‘ಟಕ್’ ಕೇಳಲು ಶುರುವಾಗುತ್ತದೆ. ಒಮ್ಮೆ ಕಿವಿಗೆ ಬಿತ್ತೋ, ಮತ್ತೆ ಬಿಡುವುದಿಲ್ಲ. ಮುಂದಿನ ‘ಟಕ್’ ಯಾವಾಗ ಅಂತ ಮನಸ್ಸು ಕಾಯುತ್ತಾ ಕೂರುತ್ತದೆ. ಕೊಳ್ಳುವ ಮುಂಚೆ ಕಣ್ಣು ಮುಚ್ಚಿ ಐದು ನಿಮಿಷ ಒಂದೇ ಸದ್ದನ್ನು ಕೇಳಿ. ಸಮುದ್ರ, ಹಕ್ಕಿ, ರೈಲು ಇವನ್ನೆಲ್ಲ ಬಿಟ್ಟುಬಿಡಿ. ಏರಿಳಿತ ಇರುವ ಯಾವ ಸದ್ದೂ ಮುಚ್ಚುವ ಕೆಲಸಕ್ಕೆ ಬಾರದು. ಅಲೆ ಇಳಿದ ಹೊತ್ತಿಗೇ ನಾಯಿ ಬೊಗಳಿದರೆ ಏನು ಮಾಡುತ್ತೀರಿ?

ಟೈಮರ್ ಇದೆ ಅಂತ ಜಾಹೀರಾತಿನಲ್ಲಿ ಜೋರಾಗಿ ಹೇಳುತ್ತಾರೆ. ಒಂದು ಗಂಟೆಗೆ ತಾನೇ ನಿಂತುಹೋಗುತ್ತದೆ ಅಂತ. ಬೀದಿಯ ಸದ್ದಿಗಾಗಿ ಕೊಳ್ಳುವವರಿಗೆ ಅದು ಬೇಕಾಗಿಲ್ಲ. ಬೆಳಗಿನ ಜಾವಕ್ಕೆ ಗಾಢ ನಿದ್ದೆಯ ಪಾಲು ಮುಗಿದಿರುತ್ತದೆ, ನಿದ್ದೆ ತೆಳುವಾಗಿರುತ್ತದೆ. ಹಾಲಿನ ಕ್ರೇಟು ಬರುವುದೂ ಆಗಲೇ. ಮಷಿನ್ ಬೇಕಾಗಿರುವುದು ಆ ಹೊತ್ತಿಗೆ. ರಾತ್ರಿ ಇಡೀ ನಡೆಯುವಂಥದ್ದನ್ನು ತಗೊಳ್ಳಿ. ಕರೆಂಟ್ ಹೋಗಿ ಬಂದ ಮೇಲೆ ತಾನಾಗಿ ಶುರುವಾಗುತ್ತದಾ, ಹಿಂದಿನ ವಾಲ್ಯೂಮ್ ನೆನಪಿಟ್ಟುಕೊಂಡಿರುತ್ತದಾ ಅಂತ ಪ್ಲಗ್ ಕಿತ್ತು, ಮತ್ತೆ ಹಾಕಿ ನೋಡಿ. ಯುಪಿಎಸ್ ಲೈನಿನ ಪಾಯಿಂಟಿಗೆ ಹಾಕಿಬಿಟ್ಟರೆ ಇನ್ನೂ ಒಳ್ಳೆಯದು. ಒಂದೇ ಸಮ ಇದ್ದ ಸದ್ದು ಫಕ್ಕನೆ ನಿಂತರೆ ಅದಕ್ಕೂ ಎಚ್ಚರ ಆಗುತ್ತದೆ.

ಮಷಿನ್ ಯಾಕೆ, ಫೋನ್ ಸಾಲದಾ? ಪರೀಕ್ಷೆ ಮಾಡಿ ನೋಡುವುದಕ್ಕೆ ಖಂಡಿತ ಸಾಕು. ಐಫೋನಿನಲ್ಲಿ 2021ರಿಂದ ಬ್ಯಾಕ್‌ಗ್ರೌಂಡ್ ಸೌಂಡ್ಸ್ ಅಂತ ಇದೆ, ಸೆಟ್ಟಿಂಗ್ಸ್‌ನ ಆ್ಯಕ್ಸೆಸಿಬಿಲಿಟಿ ಒಳಗೆ. ಬ್ಯಾಲೆನ್ಸ್ಡ್, ಬ್ರೈಟ್, ಡಾರ್ಕ್ ಅನ್ನುವ ಮೂರು ನಾಯ್ಸ್ ಅಲ್ಲೇ ಸಿಗುತ್ತವೆ. ಆಂಡ್ರಾಯ್ಡ್‌ಗೆ ಬೇಕಾದಷ್ಟು ಆ್ಯಪ್ ಇವೆ. ಒಂದಷ್ಟು ರಾತ್ರಿ ಇವನ್ನೇ ಒಂದು ಸ್ಪೀಕರಿಗೆ ಜೋಡಿಸಿ ನೋಡಿ, ನಿಮ್ಮ ಬೀದಿಗೆ ಯಾವುದು ಹೊಂದುತ್ತದೆ ಅಂತ ದುಡ್ಡು ಖರ್ಚು ಮಾಡದೆ ತಿಳಿಯುತ್ತದೆ. ಆದರೆ ದಿನವೂ ಫೋನನ್ನು ತಲೆದೆಸೆಯಲ್ಲಿ ಇಟ್ಟುಕೊಳ್ಳುವುದು ನನಗೆ ಒಪ್ಪಿಗೆ ಇಲ್ಲ. ಎಚ್ಚರ ಆದ ತಕ್ಷಣ ಕೈ ಅದರ ಕಡೆ ಹೋಗುತ್ತದೆ. ಯೂಟ್ಯೂಬಿನಲ್ಲಿ ಹಾಕಿದರೆ ನಡುರಾತ್ರಿ ಜಾಹೀರಾತು ಅರಚಿಕೊಳ್ಳುತ್ತದೆ. ಒಂದೇ ಕೆಲಸ ಮಾಡುವ, ಒಂದೇ ಗುಂಡಿ ಇರುವ, ಲೈಟಿಲ್ಲದ ಡಬ್ಬಿಯೇ ಮಲಗುವ ಕೋಣೆಗೆ ಸರಿ.

ವಾಲ್ಯೂಮ್ ವಿಷಯ ನಿಧಾನವಾಗಿ ಹೇಳಬೇಕು. ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲಿ ಕೊಟ್ಟ ಸಲಹೆಯಂತೆ ಮಲಗುವ ಕೋಣೆಯ ಒಳಗೆ 30 ಡೆಸಿಬಲ್ ದಾಟಬಾರದು. ಇಷ್ಟು ನೆಮ್ಮದಿಯ ಕೋಣೆ ಸಿಕ್ಕಿದವರಿಗೆ ಮಷಿನ್ನೇ ಬೇಡ. ಸಿಗದವರು ಕೃತಕವಾಗಿ ಸದ್ದು ಸೇರಿಸುತ್ತಿದ್ದೇವೆ, ಹಾಗಾಗಿ ಆದಷ್ಟು ಕಡಿಮೆ ಸೇರಿಸಬೇಕು. ಮೊದಲು ಪೂರ್ತಿ ಕಡಿಮೆ ಇಟ್ಟು, ಹೊರಗಿನ ಸದ್ದಿನ ಚೂಪು ಹೋಗುವವರೆಗೆ ಮಾತ್ರ ಏರಿಸಿ. ಅದು ಪೂರ್ತಿ ಮುಳುಗಿಹೋಗಬೇಕು ಅಂತೇನಿಲ್ಲ. ಮಷಿನನ್ನು ದಿಂಬಿನ ಪಕ್ಕ ಇಡಬೇಡಿ, ಕಿಟಕಿಯ ಹತ್ತಿರ ಇಡಿ. ಸದ್ದು ಬರುವ ದಿಕ್ಕಿನಲ್ಲೇ ಮುಚ್ಚುವ ಸದ್ದೂ ಇದ್ದರೆ ಕಡಿಮೆ ವಾಲ್ಯೂಮ್ ಸಾಲುತ್ತದೆ. ಅಳೆಯಬೇಕು ಅನ್ನುವವರಿಗೆ ಐಫೋನಿನಲ್ಲಿ ಅಮೆರಿಕದ ನಿಯೋಶ್ ಸಂಸ್ಥೆಯ ಸೌಂಡ್ ಲೆವೆಲ್ ಮೀಟರ್ ಆ್ಯಪ್ ಇದೆ, ದುಡ್ಡು ಕೊಡಬೇಕಾಗಿಲ್ಲ.

ಚಿಕ್ಕ ಮಕ್ಕಳಿರುವ ಮನೆಯವರು ಈ ಭಾಗವನ್ನು ದಯವಿಟ್ಟು ಎರಡು ಸಲ ಓದಿ. ವೈಟ್ ನಾಯ್ಸ್‌ಗೆ ಮಗು ಬೇಗ ಮಲಗುತ್ತದೆ ಅನ್ನುವುದು ಸುಳ್ಳಲ್ಲ. 1990ರಲ್ಲಿ 40 ನವಜಾತ ಶಿಶುಗಳ ಮೇಲೆ ಮಾಡಿದ ಪ್ರಯೋಗದಲ್ಲಿ, ಸದ್ದು ಕೇಳಿಸಿದ ಗುಂಪಿನಲ್ಲಿ ನೂರಕ್ಕೆ 80 ಮಕ್ಕಳು ಐದು ನಿಮಿಷದೊಳಗೆ ಮಲಗಿದವು, ಕೇಳಿಸದ ಗುಂಪಿನಲ್ಲಿ ನೂರಕ್ಕೆ 25. ಆದರೆ 2014ರಲ್ಲಿ ಕೆನಡಾದ ಟೊರಾಂಟೊದ ವೈದ್ಯರು ಮಕ್ಕಳಿಗಾಗಿ ಮಾರುವ 14 ಮಷಿನ್‌ಗಳನ್ನು ಪೂರ್ತಿ ವಾಲ್ಯೂಮಿನಲ್ಲಿಟ್ಟು ಅಳೆದರು. ಒಂದು ಅಡಿ ದೂರದಲ್ಲಿ ಎಲ್ಲವೂ 50 ಡೆಸಿಬಲ್ ದಾಟಿದವು. ಅದು ಆಸ್ಪತ್ರೆಯ ಶಿಶು ವಾರ್ಡಿಗೆ ಹೇಳಿರುವ ಮಿತಿ. ಮೂರು ಮಷಿನ್‌ಗಳು 85ನ್ನೂ ದಾಟಿದವು. ಫ್ಯಾಕ್ಟರಿಯಲ್ಲಿ ಎಂಟು ಗಂಟೆ ಕೆಲಸ ಮಾಡುವ ದೊಡ್ಡವರಿಗೆ ಹೇಳುವ ಮಿತಿ ಅದು. ತೊಟ್ಟಿಲಿಗೆ ಮಷಿನ್ ಕಟ್ಟಬೇಡಿ. ಆರೇಳು ಅಡಿ ದೂರ, ಕಡಿಮೆ ವಾಲ್ಯೂಮ್, ಮಗು ಮಲಗಿದ ಮೇಲೆ ಆಫ್. ದೊಡ್ಡವರ ವಿಷಯದಲ್ಲಿ ರಾತ್ರಿ ಇಡೀ ಅಂದೆ. ಮಕ್ಕಳ ಎಳೆಗಿವಿಗೆ ಅದು ಬೇಡ.

ಇಷ್ಟೆಲ್ಲ ಓದಿ, ಅಳೆದು, ಪಿಂಕ್ ಅಂತ ತೀರ್ಮಾನಿಸಿ ಮಷಿನ್ ತಂದಿಟ್ಟ ದಿನ ಅಮ್ಮ ಬಾಗಿಲಲ್ಲಿ ನಿಂತು ಕೇಳಿದರು. ‘ರಾತ್ರಿ ನಾನು ಕೂಗಿದ್ರೆ ನಿಂಗೆ ಕೇಳಿಸುತ್ತೇನೇ?’

ಯಾವ ಪಟ್ಟಿಯಲ್ಲೂ ಇಲ್ಲದ ಪ್ರಶ್ನೆ ಇದು. ಅಮ್ಮನಿಗೆ ವಯಸ್ಸಾಗಿದೆ, ಪಕ್ಕದ ಕೋಣೆಯಲ್ಲಿ ಮಲಗುತ್ತಾರೆ. ರಾತ್ರಿ ಎದ್ದಾಗ ಕೆಲವು ಸಲ ತಲೆ ಸುತ್ತುತ್ತದೆ. ಅವರ ದನಿ ಮೊದಲೇ ಸಣ್ಣದು. ನಾಯಿ ಬೊಗಳುವ ಎತ್ತರಕ್ಕೂ ಮನುಷ್ಯರ ದನಿಯ ಎತ್ತರಕ್ಕೂ ಅಂಥ ವ್ಯತ್ಯಾಸ ಇಲ್ಲ. ಪಿಂಕ್ ನಾಯ್ಸ್‌ಗೆ ನಾಯಿ ಯಾರು, ಅಮ್ಮ ಯಾರು ಅಂತ ತಿಳಿಯುವುದಿಲ್ಲ. ಬೀದಿಯ ಸದ್ದನ್ನು ಎಷ್ಟು ಮುಚ್ಚುತ್ತದೋ ಅಮ್ಮನ ಕೂಗನ್ನೂ ಅಷ್ಟೇ ಮುಚ್ಚುತ್ತದೆ. ಕೈಗೂಸು ಇರುವವರಿಗೆ, ಮನೆಯಲ್ಲಿ ಕಾಯಿಲೆಯವರು ಇರುವವರಿಗೆ, ಒಬ್ಬರೇ ಇರುವ ಹೆಂಗಸರಿಗೆ ಇದು ಸಣ್ಣ ಮಾತಲ್ಲ. ಕೇಳಲೇಬೇಕಾದ ಸದ್ದುಗಳು ಪ್ರತಿ ಮನೆಯಲ್ಲೂ ಇರುತ್ತವೆ. ಬೇಡದ ಸದ್ದುಗಳ ಪಟ್ಟಿ ಮಾಡುವ ಹೊತ್ತಿಗೇ ಅವನ್ನೂ ಬರೆದಿಟ್ಟುಕೊಳ್ಳಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ನಾವು ಮಾಡಿದ್ದು ಸರಳ. ವೈರಿಲ್ಲದ ಕಾಲಿಂಗ್ ಬೆಲ್ ತಂದೆವು. ಒತ್ತುವ ಗುಂಡಿ ಅಮ್ಮನ ದಿಂಬಿನ ಪಕ್ಕ, ಬೆಲ್ ನನ್ನ ಮಂಚದ ಹತ್ತಿರದ ಪ್ಲಗ್ಗಿನಲ್ಲಿ. ಬೆಲ್ಲಿನ ದನಿಗಳಲ್ಲಿ ಅತಿ ಕೀಚಲಾಗಿರುವುದನ್ನು ಆರಿಸಿದೆವು, ಯಾಕೆಂದರೆ ಪಿಂಕ್ ನಾಯ್ಸ್‌ನಲ್ಲಿ ಮೇಲಿನ ಎತ್ತರಗಳಲ್ಲಿ ಶಕ್ತಿ ಕಡಿಮೆ, ಬೆಲ್ ಅದನ್ನು ಸೀಳಿಕೊಂಡು ಬರುತ್ತದೆ. ಹಗಲಲ್ಲಿ ಮಷಿನ್ ಹಾಕಿ, ಬಾಗಿಲು ಮುಚ್ಚಿ, ನಾನು ಕಣ್ಣು ಮುಚ್ಚಿ ಮಲಗಿ, ಅಮ್ಮ ಒತ್ತಿ ನೋಡಿದರು. ಆಮೇಲೆ ಸುಮ್ನೆ ಕೂಗಿಯೂ ನೋಡಿದರು. ಕೂಗು ಕೇಳುವವರೆಗೆ ವಾಲ್ಯೂಮ್ ಇಳಿಸಿದೆ, ಅಲ್ಲಿಗೇ ಪೆನ್ನಿನಿಂದ ಗುರುತು ಹಾಕಿದೆ. ಅದಕ್ಕಿಂತ ಮೇಲೆ ನಾನು ಏರಿಸುವುದಿಲ್ಲ. ಕೆಲವು ರಾತ್ರಿ ನಾಯಿ ಸದ್ದು ಸ್ವಲ್ಪ ಕೇಳುತ್ತದೆ, ಕೇಳಲಿ.

ಮಷಿನ್‌ನಿಂದ ಏನು ಆಗುವುದಿಲ್ಲ ಅನ್ನುವುದನ್ನೂ ಹೇಳಬೇಕು. 2021ರಲ್ಲಿ 38 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದವರು, ನಿರಂತರ ಸದ್ದು ನಿದ್ದೆ ಸುಧಾರಿಸುತ್ತದೆ ಅನ್ನುವುದಕ್ಕೆ ಪುರಾವೆಯ ಗುಣಮಟ್ಟ ತುಂಬಾ ಕಡಿಮೆ ಅಂತ ಬರೆದರು. ಹಾಗಂತ ಸುಮ್ಮನೆ ತಳ್ಳಿಹಾಕಬೇಕಿಲ್ಲ. ಹೊರಗಿನ ಸದ್ದಿನಿಂದಲೇ ಎಚ್ಚರ ಆಗುವವರಿಗೆ ಇದು ತಕ್ಕ ಉಪಾಯ. ಸದ್ದೇ ಇಲ್ಲದಿದ್ದರೂ ಮೂರು ಗಂಟೆಗೆ ಕಣ್ಣು ಬಿಟ್ಟು ಮಾಳಿಗೆ ನೋಡುವವರಿಗೆ ಅಲ್ಲ. ತಿಂಗಳುಗಟ್ಟಲೆ ಹಾಗಿದ್ದರೆ ಸಿಬಿಟಿ-ಐ ಅನ್ನುವ ಚಿಕಿತ್ಸೆ ಇದೆ, ಮಾತ್ರೆ ಇಲ್ಲದ್ದು, ನಿದ್ದೆಯ ಬಗೆಗಿನ ಯೋಚನೆ, ಅಭ್ಯಾಸಗಳನ್ನು ತಿದ್ದುವಂಥದ್ದು. ದೀರ್ಘಕಾಲದ ನಿದ್ರಾಹೀನತೆಗೆ ಮೊದಲು ಅದನ್ನೇ ಕೊಡಬೇಕು ಅಂತ ಅಮೆರಿಕನ್ ಕಾಲೇಜ್ ಆಫ್ ಫಿಜಿಷಿಯನ್ಸ್ ಅನ್ನುವ ವೈದ್ಯರ ಸಂಘ 2016ರಲ್ಲಿ ಹೇಳಿದೆ. ಗಂಡನ ಗೊರಕೆಗೆ ಮಷಿನ್ ಕೊಳ್ಳುವವರು ಒಂದು ರಾತ್ರಿ ಆ ಗೊರಕೆಯನ್ನು ಗಮನವಿಟ್ಟು ಕೇಳಿ. ನಡುನಡುವೆ ಉಸಿರು ನಿಂತು, ಆಮೇಲೆ ಏದುಸಿರಿನಲ್ಲಿ ಮತ್ತೆ ಶುರುವಾಗುತ್ತಿದ್ದರೆ ಅದನ್ನು ಮುಚ್ಚಬೇಡಿ, ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಅದು ಸ್ಲೀಪ್ ಆ್ಯಪ್ನಿಯಾ ಇರಬಹುದು.

ಇನ್ನು ಡಿಜೆ. ನಮ್ಮ ದೇಶದ 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಮನೆಗಳಿರುವ ಜಾಗದಲ್ಲಿ ಹಗಲು 55 ಡೆಸಿಬಲ್, ರಾತ್ರಿ 45. ರಾತ್ರಿ ಅಂದರೆ ಹತ್ತರಿಂದ ಬೆಳಗ್ಗೆ ಆರು. ಈ 45 ಸುಮ್ಮನೆ ಬಂದ ಅಂಕಿ ಅಂತ ನನಗೆ ಅನ್ನಿಸುವುದಿಲ್ಲ. ಸ್ವಲ್ಪ ತೆರೆದ ಕಿಟಕಿ ಸುಮಾರು 15 ಡೆಸಿಬಲ್ ತಡೆಯುತ್ತದೆ ಅಂತ ಲೆಕ್ಕ. 45ರಲ್ಲಿ 15 ಕಳೆಯಿರಿ, ಒಳಗೆ 30. ಕಿಟಕಿ ತೆರೆದುಕೊಂಡು ಮಲಗಿದರೂ ನಿದ್ದೆ ಬರಬೇಕಾದಷ್ಟು. ನಿಯಮ ಪಾಲನೆ ಆಗಿದ್ದರೆ ಈ ಬರಹ ಬೇಕಾಗುತ್ತಿರಲಿಲ್ಲ. ಬೆಂಗಳೂರಿನಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಜಾಲದ 10 ಅಳತೆ ಕೇಂದ್ರಗಳಿವೆ, ಪೀಣ್ಯ, ಬಿಟಿಎಂ ಲೇಔಟ್, ನಿಮ್ಹಾನ್ಸ್ ಎಲ್ಲ ಸೇರಿ. ಅಳತೆ ಆಗುತ್ತದೆ. ಅಳೆದ ಮೇಲೆ ಏನಾಗಬೇಕೋ ಅದು ಆಗುವುದು ಕಾಣೆ.

ಹತ್ತು ಗಂಟೆಯ ಮೇಲೆ ಧ್ವನಿವರ್ಧಕ ಹಾಕಿದರೆ 112ಕ್ಕೆ ಫೋನ್ ಮಾಡಿ ದೂರು ಕೊಡಬಹುದು. ಹಬ್ಬಗಳಿಗೆ ಸರ್ಕಾರ ವಿನಾಯಿತಿ ಕೊಟ್ಟರೂ ಅದು ಹನ್ನೆರಡರವರೆಗೆ ಮಾತ್ರ, ಅದೂ ವರ್ಷಕ್ಕೆ 15 ದಿನ ದಾಟುವಂತಿಲ್ಲ. ಮಷಿನ್ ಬಂದ ಮೇಲೂ ನಾನು ಆ ಫೋನ್ ಮಾಡುವುದನ್ನು ಬಿಟ್ಟಿಲ್ಲ. ಮಷಿನ್ ಓಡುವುದು ನನ್ನ ಕೋಣೆಯಲ್ಲಿ ಮಾತ್ರ. ಅಮ್ಮ ತಮ್ಮ ಕೋಣೆಗೆ ಬೇಡ ಅಂದಿದ್ದಾರೆ. ಎದುರು ಮನೆಯ ಹುಡುಗನಿಗೆ ಎಸ್ಸೆಸ್ಸೆಲ್ಸಿ ಪರೀಕ್ಷೆ ಇದೆ. ಪಕ್ಕದ ಕಟ್ಟಡದ ಕೆಲಸಗಾರರು ತಗಡಿನ ಶೆಡ್ಡಿನಲ್ಲಿ ಮಕ್ಕಳನ್ನು ಮಲಗಿಸಿಕೊಂಡಿರುತ್ತಾರೆ, ಅವರಿಗೆ ಮುಚ್ಚಲು ಕಿಟಕಿಯೂ ಇಲ್ಲ.